ಮಳೆ ಬಂದಾಗ ಎರೆಹುಳು ಮೇಲೆ ಬರುವುದೇಕೆ

ಭೂಮಿಯ ಮೈ ಇನ್ನೂ ಆರಿರದ ಕಾಲವದು, ಮಗು. ಗಾಳಿ, ಹಕ್ಕಿ, ಹುಳು, ಮನುಷ್ಯರು ಎಲ್ಲರೂ ಒಂದೇ ಭಾಷೆಯಲ್ಲಿ ಮಾತಾಡುತ್ತಿದ್ದರು. ಆಗ ಎರೆಹುಳು ಮಣ್ಣಿನೊಳಗೆ ಇರಲಿಲ್ಲ. ಹುಲ್ಲಿನ ನೆರಳಲ್ಲಿ ಸುಮ್ಮನೆ ಬಿದ್ದುಕೊಂಡಿರುತ್ತಿತ್ತು.

ಹೊಂಗೆ ಮರದ ಪಕ್ಕದ ಮನೆಯಲ್ಲಿ ಕೆಂಚಮ್ಮ ಎಂಬ ಅಜ್ಜಿ ಇದ್ದಳು. ಜೊತೆಗೆ ಮೊಮ್ಮಗಳು ಚೆಲುವಿ. ಕೆಂಚಮ್ಮನಿಗೆ ಅಂಗಳದಲ್ಲಿ ಒಂದು ಎಲೆ ಬಿದ್ದರೂ ಆಗದು. ದಿನಾ ಸಂಜೆ ತರಗೆಲೆ, ತರಕಾರಿ ಸಿಪ್ಪೆ, ಕಿತ್ತ ಕಳೆ ಎಲ್ಲ ಗುಡಿಸಿ, ಗುಡ್ಡೆ ಮಾಡಿ, ಬೆಂಕಿ ಇಡುತ್ತಿದ್ದಳು. ಹಸಿ ಸಿಪ್ಪೆ ಉರಿಯುತ್ತದೆಯೇ? ಹೊಗೆಯಾಡುತ್ತಿತ್ತು, ಹೊಗೆಯಾಡುತ್ತಲೇ ಇತ್ತು.

ಒಂದು ಸಂಜೆ ಮರದಿಂದ ಪಿಕಳಾರ ಹಕ್ಕಿ ಇಳಿದು ಬಂತು. "ಕೆಂಚಮ್ಮ, ಈ ಹೊಗೆಗೆ ನನ್ನ ಮರಿಗಳು ಕಣ್ಣೇ ಬಿಡ್ತಿಲ್ಲ," ಅಂತು.

ಕೆಂಚಮ್ಮ ಗಾಳಿಯನ್ನು ಗದರಿಸಿದಳು. "ಹೊಗೇನ ಆ ಕಡೆ ಯಾಕೆ ಒಯ್ತೀಯ?"

"ಈ ಕಡೆ ಬೀಸಿದರೆ ನಿನ್ನ ಮನೆಯೊಳಗೆ ಹೋಗುತ್ತೆ," ಅಂತು ಗಾಳಿ. "ಎಲ್ಲಿಗೆ ಒಯ್ಯಲಿ, ನೀನೇ ಹೇಳು."

ಅಷ್ಟರಲ್ಲಿ ಒಳಗಿನಿಂದ ಚೆಲುವಿಯ ಕೆಮ್ಮು ಕೇಳಿಸಿತು. ಒಂದು ವಾರದಿಂದ ಅವಳು ಕೆಮ್ಮುತ್ತಲೇ ಇದ್ದಳು. ಕೆಂಚಮ್ಮ ಒಂದು ಕೊಡ ನೀರನ್ನು ಬೆಂಕಿಗೆ ಸುರಿದು ಅಲ್ಲೇ ಕುಕ್ಕರಿಸಿದಳು. "ಸುಡದೆ ಇದನ್ನೆಲ್ಲ ಎಲ್ಲಿ ಹಾಕಲಿ?"

"ನನಗೆ ಹಾಕು," ಅಂತು ಹುಲ್ಲಿನೊಳಗಿಂದ ಎರೆಹುಳು.

ಪಿಕಳಾರ ನಕ್ಕಿತು. "ನಿನಗೆ ಕೈಯಿಲ್ಲ, ಹಲ್ಲೂ ಇಲ್ಲ."

"ಹಸಿವಿದೆ," ಅಂತು ಎರೆಹುಳು. "ಬಿಸಿಲು ಮಾತ್ರ ನನಗಾಗದು. ಒಂದು ಗುಂಡಿ ತೋಡಿ ತಂಪಾಗಿಡು, ಸಾಕು."

ಕೆಂಚಮ್ಮ ಮೊಣಕಾಲುದ್ದ ಗುಂಡಿ ತೋಡಿದಳು. ಸಿಪ್ಪೆ ಹಾಕಿದಳು, ಮೇಲೆ ಮಣ್ಣು ಹಾಕಿದಳು. ಮರುದಿನವೂ ಸಿಪ್ಪೆ, ಮೇಲೊಂದು ಹಿಡಿ ಮಣ್ಣು. ಎರೆಹುಳು ತನ್ನ ಬಳಗವನ್ನೆಲ್ಲ ಕರೆದುಕೊಂಡು ಒಳಗಿಳಿಯಿತು.

ಹತ್ತು ದಿನಕ್ಕೆ ಗುಂಡಿ ನಾರತೊಡಗಿತು. ಕೆಂಚಮ್ಮನ ಸಹನೆ ಕೆಟ್ಟಿತು. ಒಲೆಯಿಂದ ಉರಿಯುವ ಕೊಳ್ಳಿ ಹಿಡಿದು ಬಂದಳು. ಚೆಲುವಿ ಓಡಿಬಂದು ಅಡ್ಡ ನಿಂತಳು.

"ಬೇಡ ಅಜ್ಜಿ, ಅವು ಒಳಗಿವೆ. ಏನಾಗಿದೆ ಅಂತ ಮೊದಲು ಕೇಳು."

ಕೆಂಚಮ್ಮ ಬಗ್ಗಿ ಕೇಳಿದಳು.

"ಬರೀ ಹಸಿಯದನ್ನೇ ಹಾಕ್ತಿದ್ದೀಯ, ಉಸಿರು ಕಟ್ತಿದೆ," ಅಂತು ಒಳಗಿನಿಂದ ಎರೆಹುಳು. "ಒಣಗಿದ ಎಲೇನೂ ಬೆರೆಸು."

ಕೆಂಚಮ್ಮ ಕೊಳ್ಳಿಯನ್ನು ನೀರಿಗೆ ಹಾಕಿದಳು. ನಾಚಿಕೆಯಾಗಿತ್ತು; ಎರಡು ಬುಟ್ಟಿ ತರಗೆಲೆ ತಂದು ಕಲಸಿದಳು. ನಾತ ಹೋಯಿತು.

ಮೂರು ತಿಂಗಳು ಕಳೆದವು. ಚೆಲುವಿಯ ಕೆಮ್ಮು ನಿಂತಿತ್ತು. ಪಿಕಳಾರದ ಮರಿಗಳು ಹಾರಲು ಕಲಿತಿದ್ದವು. ಗುಂಡಿ ಕೆದಕಿದರೆ ಸಿಪ್ಪೆಯೂ ಇಲ್ಲ, ಎಲೆಯೂ ಇಲ್ಲ. ಟೀ ಪುಡಿಯಂಥ ಕಪ್ಪು ಮಣ್ಣು. ಕೆಂಚಮ್ಮ ಅದನ್ನು ಹೀರೆ ಬಳ್ಳಿಯ ಬುಡಕ್ಕೆ ಹಾಕಿದಳು. ಬಳ್ಳಿ ಚಪ್ಪರ ದಾಟಿ ಮನೆಯ ಮಾಡಿಗೆ ಹಬ್ಬಿತು.

"ಮೇಲೆ ಬಾರಪ್ಪ, ನಿನ್ನನ್ನೊಮ್ಮೆ ನೋಡಬೇಕು," ಅಂತ ಕೆಂಚಮ್ಮ ಕರೆದಳು.

"ಬಿಸಿಲಿಗೆ ಒಣಗಿಹೋಗ್ತೀನಿ. ನನಗೆ ಇಲ್ಲೇ ಹಿತ."

"ಹಾಗಾದರೆ ಮಳೆ ಬಂದ ದಿನ ಬಾ," ಅಂದಳು ಚೆಲುವಿ. "ಅವತ್ತು ನೆಲವೆಲ್ಲ ತಂಪಾಗಿರುತ್ತೆ. ನಾನು ನೋಡಿಕೊಂಡೇ ಕಾಲಿಡ್ತೀನಿ."

ಅದಕ್ಕೇ ನೋಡು, ಇವತ್ತಿಗೂ ಮಳೆ ಸುರಿದ ಬೆಳಿಗ್ಗೆ ಎರೆಹುಳುಗಳು ನಿಧಾನಕ್ಕೆ ಅಂಗಳಕ್ಕೆ ಬರುತ್ತವೆ, ಮಕ್ಕಳು ಅವನ್ನು ತುಳಿಯದೆ ದಾಟಿಕೊಂಡು ಹೋಗುತ್ತಾರೆ.