ಗಿಬ್ಬನ್ ನೆಲಕ್ಕಿಳಿದದ್ದು

ಮರದ ಮೇಲೇ ಬಾಳಿಕೊಂಡಿರು ಎಂದು ಭಗವಂತ ಉದ್ದನೆಯ ಕೈ ಕೊಟ್ಟು ಕಳಿಸಿದ ಗಿಬ್ಬನ್ ವಾನರನೊಬ್ಬ ಕಾಡಿನಲ್ಲಿದ್ದ. ಅವನು ಅತ್ತಿಹಣ್ಣಿಗೆಂದು ಹೋಗಿದ್ದಾಗ ಮರ ಕಡಿಯುವವರು ನಡುವೆ ಲಾರಿ ದಾರಿ ತೆಗೆದರು. ಹೆಂಡತಿ ಆಚೆ ಉಳಿದಳು, ಅವನು ಈಚೆ ಒಂಟಿಯಾಗಿ ಉಳಿದ. ದಿನಾ ಬೆಳಗ್ಗೆ ಹಾಡಿನ ಮೊದಲರ್ಧ ಅವನು ಹಾಡಿದರೆ, ಉಳಿದರ್ಧವನ್ನು ಹೆಂಡತಿ ಆಚೆಯಿಂದ ಹಾಡುತ್ತಿದ್ದಳು. ಆ ದನಿ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು.

ಒಂದು ದಿನ ಕಡಿದ ಧೂಪದ ಮರವೊಂದು ದಾರಿಗೆ ಅಡ್ಡ ಬಿತ್ತು.

“ನನ್ನ ಮೇಲೆ ದಾಟಿಬಿಡು ಮಗಾ, ನಾಳೆ ಲಾರಿ ಬರುತ್ತದೆ,” ಎಂದಿತು ಮರ.

“ತಪ್ಪು ತಿಳಿಯಬೇಡ ಅಜ್ಜಾ. ನೆಲಕ್ಕೆ ಬಿದ್ದದ್ದರ ಮೇಲೆ ಕಾಲಿಡುವುದು ನಮ್ಮ ಕುಲದಲ್ಲೇ ಇಲ್ಲ.”

“ನನಗೇನು ಮಲಗಿ ಅಭ್ಯಾಸವೇ? ಇನ್ನೂರು ವರ್ಷ ನಿಂತೇ ಇದ್ದವನು ನಾನು. ನೆಲಕ್ಕೆ ಬೆನ್ನು ಹಚ್ಚಿದ್ದು ಇವತ್ತೇ.”

“ನೋಡೋಣ ಅಜ್ಜಾ,” ಎಂದ ಗಿಬ್ಬನ್.

ಮರುದಿನ ಲಾರಿ ಬಂದು ಮರವನ್ನು ಹೊತ್ತುಕೊಂಡು ಹೋಯಿತು. ಗಿಬ್ಬನ್ ಹಾಡಿದ. ಉತ್ತರವಿಲ್ಲ. ಮತ್ತೆ ಹಾಡಿದ. ಬಹಳ ಹೊತ್ತಿನ ಮೇಲೆ ಆಚೆಯಿಂದ ಒಂದು ಕೂಗು ಎದ್ದು ಅರ್ಧಕ್ಕೇ ನಿಂತಿತು.

ಅವನು ಕೊನೆಯ ಕೊಂಬೆಯನ್ನೂ ಬಿಟ್ಟು ಬರಿನೆಲಕ್ಕೆ ಇಳಿದ. ಚಕ್ರದ ಗುಂಡಿಗಳ ನಡುವೆ ಎರಡೇ ಕಾಲಲ್ಲಿ ತಡವರಿಸುತ್ತ ನಡೆದ. ಹಿಡಿಯಲು ಏನೂ ಇಲ್ಲದ ಆ ಉದ್ದನೆಯ ಕೈಗಳು ತಾವಾಗಿಯೇ ತಲೆಯ ಮೇಲೆದ್ದವು. ಮೇಲಿನಿಂದ ನೋಡುವ ಭಗವಂತನಿಗೆ, ಯಾರೋ ಕೈಯೆತ್ತಿ ಬೇಡಿಕೊಳ್ಳುತ್ತ ಬರುವಂತೆಯೇ ಕಂಡಿರಬೇಕು.

ಆಚೆ ಬದಿಯ ಮೊದಲ ಮರದಿಂದ ಇನ್ನೊಂದು ಉದ್ದನೆಯ ಕೈ ಕೆಳಗೆ ಚಾಚಿತು.