ಒಂದು ಉಸಿರಿನ ಜಾಗ

ಹೊಳೆಯ ಈಚೆ ದಡದಲ್ಲಿ ಒಂದು ಆಶ್ರಮ. ಆಶ್ರಮದಲ್ಲಿ ಒಬ್ಬ ಅಜ್ಜಯ್ಯ. ಅಜ್ಜಯ್ಯನ ಕುಟೀರದ ಪಕ್ಕದಲ್ಲಿ ಒಂದು ಪುಟ್ಟ ರೇಡಿಯೋ ನಿಲಯ.

ನಗಬೇಡಿ. ಗುರುಗಳಿಗೆ ರೇಡಿಯೋ ಯಾಕೆ ಅಂತ ಕೇಳಿದವರಿಗೆಲ್ಲ ಅವರು, "ನನ್ನ ಕಾಲು ಸೋತಿವೆಯಪ್ಪಾ, ದನಿಯಾದರೂ ತಿರುಗಾಡಿಕೊಂಡು ಬರಲಿ" ಅನ್ನುತ್ತಿದ್ದರು. ಆ ದನಿ ಸುತ್ತಲಿನ ಹನ್ನೆರಡು ಹಳ್ಳಿಗೆ ಮುಟ್ಟುತ್ತಿತ್ತು. ಅದರಾಚೆಗೆ ಒಂದು ಮಾರೂ ಹೋಗುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಏಳಕ್ಕೆ ಸುದ್ದಿ. ಕಾಲುವೆಗೆ ನೀರು ಯಾವಾಗ, ದೋಣಿ ಎಷ್ಟು ಹೊತ್ತಿಗೆ, ಯಾರು ತೀರಿಕೊಂಡರು, ಯಾರ ಮನೆಯಲ್ಲಿ ಕೂಸು ಹುಟ್ಟಿತು. ಓದುವವನು ಶಿಷ್ಯ ಕೊಟ್ರಯ್ಯ. ಉಳಿದ ಎಲ್ಲ ಕೆಲಸದಲ್ಲೂ ಶುದ್ಧ ದಂಡಪಿಂಡ. ಮೈಕಿನ ಮುಂದೆ ಕೂತರೆ ಮಾತ್ರ ಆಸಾಮಿಯೇ ಬೇರೆ. ಸಾವಿನ ಸುದ್ದಿ ಓದಿದರೆ ಜನ ಅಳಬೇಕು, ದೋಣಿಯ ಸುದ್ದಿ ಓದಿದರೆ ಜನ ನಗಬೇಕು, ಹಾಗೆ ಓದುತ್ತಿದ್ದ. ಹತ್ತು ವರ್ಷದಿಂದ ಆ ಕುರ್ಚಿಯೇ ಅವನ ಬಾಳು.

ಕೂಸಿನ ಸುದ್ದಿಗೆ ಅಲ್ಲಿ ಒಂದು ಪದ್ಧತಿ ಇತ್ತು. ಸುದ್ದಿ ಓದಿದ ಮೇಲೆ ಓದುವವನು ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರಬೇಕು. ಆ ಹೊತ್ತಿನಲ್ಲಿ ಹನ್ನೆರಡು ಹಳ್ಳಿಯ ಜನ, ಒಲೆ ಮುಂದೆ ಇದ್ದವರು ಅಲ್ಲೇ, ಕೊಟ್ಟಿಗೆಯಲ್ಲಿ ಇದ್ದವರು ಅಲ್ಲೇ, "ಬಾ ತಾಯೀ" ಅಂತಲೋ "ಬಾ ತಂದೇ" ಅಂತಲೋ ಬಾಯಿಬಿಟ್ಟು ಹೇಳಬೇಕು. ಹೊಸಬರನ್ನು ಮನೆಯೊಳಗೆ ಕರೆದ ಹಾಗೆ.

ಒಂದು ದಿನ ಎದುರು ದಡದ ಕಡವಿನಕೊಪ್ಪದಿಂದ ಸುದ್ದಿ ಬಂತು. ಹಾಲಮ್ಮನಿಗೆ ಹೆಣ್ಣು ಕೂಸು. ಮೊದಲೇ ಮೂರು ಹೆಣ್ಣಿದ್ದ ಮನೆ.

ಕೊಟ್ರಯ್ಯ ಓದಿದ. ಉಸಿರಿನ ಹೊತ್ತು ಬಂತು. ಯಾವ ಗಳಿಗೆಯೋ ಏನೋ, ಅವನಿಗೆ ಸುಮ್ಮನಿರಲು ಆಗಲಿಲ್ಲ. ನಾಲಿಗೆ ತುರಿಸಿತು.

"ಮತ್ತೆ ಹೆಣ್ಣಾ? ವಿಳಾಸ ತಪ್ಪಿರಬೇಕು, ವಾಪಸ್ ಕಳಿಸಿಬಿಡಿ!"

ಹನ್ನೆರಡು ಹಳ್ಳಿಯೂ ಗೊಳ್ಳೆಂದು ನಕ್ಕಿತು. "ಬಾ ತಾಯೀ" ಅನ್ನಲು ಯಾರಿಗೂ ನೆನಪೇ ಆಗಲಿಲ್ಲ.

ಮರುದಿನ ಬೇರೊಂದು ಹಳ್ಳಿಯಲ್ಲಿ ಗಂಡು ಕೂಸು. ಕೊಟ್ರಯ್ಯ ಓದಿದ, ಈ ಸಲ ಪದ್ಧತಿಯಂತೆ ಸುಮ್ಮನೆ ಕೂತ. ಕಿವಿಯ ಮೇಲಿದ್ದ ಹೆಡ್‌ಫೋನಿನಲ್ಲಿ ಅವನದೇ ದನಿ ಕೇಳಿಸಿತು.

"ಮತ್ತೆ ಹೆಣ್ಣಾ? ವಿಳಾಸ ತಪ್ಪಿರಬೇಕು, ವಾಪಸ್ ಕಳಿಸಿಬಿಡಿ!"

ಅವನು ತುಟಿ ಮುಟ್ಟಿ ನೋಡಿಕೊಂಡ. ತುಟಿ ಮುಚ್ಚಿತ್ತು.

ಯಂತ್ರ ಬಿಚ್ಚಿದ, ತಂತಿ ಕಿತ್ತು ಮತ್ತೆ ಹಾಕಿದ. ಎಲ್ಲ ಸರಿಯಾಗಿಯೇ ಇತ್ತು.

ಮೂರು ದಿನ ಕಳೆಯುವಷ್ಟರಲ್ಲಿ ಅದು ರೇಡಿಯೋ ಬಿಟ್ಟು ಹೊರಗೂ ಬಂತು. ಯಾರು ಎಲ್ಲಿ ಒಂದು ಉಸಿರು ಸುಮ್ಮನಾದರೂ ಸಾಕು, ಅಲ್ಲಿ ಆ ಮಾತು. ಹಸುವಿನ ಕೆಚ್ಚಲಿಗೆ ಕೈಹಾಕಿದವಳು ಒಂದು ಗಳಿಗೆ ಮಾತು ನಿಲ್ಲಿಸಿದರೆ ಚೊಂಬಿನೊಳಗಿಂದ. ದೇವರ ಮುಂದೆ ಕಣ್ಣು ಮುಚ್ಚಿದರೆ ಗರ್ಭಗುಡಿಯೊಳಗಿಂದ. ರೇಡಿಯೋ ಇಲ್ಲದ ಮನೆಯಲ್ಲೂ ಅದೇ ದನಿ, ಅದೇ ಹುರುಪು.

ಜನಕ್ಕೆ ಸುಮ್ಮನಿರಲು ಹೆದರಿಕೆಯಾಯಿತು. ಹೆಂಗಸರು ರೊಟ್ಟಿ ಬಡಿಯುತ್ತ ಗೊಣಗಿದರು. ಗಂಡಸರು ಎತ್ತಿಗೆ ತಮ್ಮ ಬೀಗರ ಕಥೆಯೆಲ್ಲ ಹೇಳಿದರು. ಶಾಲೆಯಲ್ಲಿ ಮೇಷ್ಟ್ರು ಬೆಳಿಗ್ಗೆಯಿಂದ ಸಂಜೆಯವರೆಗೆ ಮಗ್ಗಿಯೇ ಹೇಳಿಸಿದರು, ಪಾಪ, ಮಕ್ಕಳ ಗಂಟಲು ಬಿದ್ದುಹೋಯಿತು. ಹನ್ನೆರಡು ಹಳ್ಳಿ ಸಂತೆಯ ಹಾಗೆ ಗಿಜಿಗುಟ್ಟುತ್ತಿತ್ತು, ಯಾರ ಮಾತನ್ನೂ ಯಾರೂ ಕೇಳುತ್ತಿರಲಿಲ್ಲ.

ಐದನೇ ದಿನ ಜನ ಆಶ್ರಮಕ್ಕೆ ಬಂದರು. ಬಂದವರು ಹೊಂಗೆಮರದ ಕೆಳಗೆ ಎರಡು ಪಾಲಾಗಿ ಕೂತರು.

ಒಂದು ಪಾಲಿಗೆ ರುದ್ರಗೌಡ ಮುಂದಾಳು. "ಅವನನ್ನು ಆ ಕುರ್ಚಿಯಿಂದ ಎಬ್ಬಿಸಿ ಅಜ್ಜಾರೇ. ಹಸುಗೂಸಿಗೆ ಹಂಗಂದೋನಿಗೆ ಮೈಕು ಕೊಡಬಾರದು. ಇವತ್ತೇ ಎಬ್ಬಿಸಿ!"

ಇನ್ನೊಂದು ಪಾಲಿಗೆ ಅಂಗಡಿ ಮಲ್ಲಪ್ಪ. "ಒಂದು ತಮಾಷೆ ಮಾತಿಗೆ ಒಬ್ಬನ ಬಾಳು ಕಿತ್ಕೋತೀರಾ ಗೌಡ್ರೇ? ಹತ್ತು ವರ್ಷ ನಗಿಸಿದಾನೆ. ನಾಳೆ ನಿಮ್ಮ ಬಾಯಿಂದ ಒಂದು ಮಾತು ಜಾರಿದ್ರೆ ಗೌಡಿಕೆ ಬಿಡ್ತೀರಾ?"

"ನನ್ನ ಗೌಡಿಕೆ ವಿಷಯ ಯಾಕೋ ಇಲ್ಲಿ?"

ಕೊಟ್ರಯ್ಯ ಕಂಬಕ್ಕೆ ಒರಗಿ ನಿಂತಿದ್ದ. ಮಲ್ಲಪ್ಪ ಮಾತಾಡಿದಾಗ ಅವನಿಗೆ ಜೀವ ಬರುತ್ತಿತ್ತು, ಗೌಡ ಮಾತಾಡಿದಾಗ ಹೋಗುತ್ತಿತ್ತು.

ಅಜ್ಜಯ್ಯ ಇಬ್ಬರ ಮಾತನ್ನೂ ಕೇಳಿದರು. ಆಮೇಲೆ ಅಂದರು, "ಅವತ್ತು ನಕ್ಕವರು ಕೈ ಎತ್ತಿ."

ಒಂದು ಕೈಯೂ ಮೇಲೇಳಲಿಲ್ಲ. ಗೌಡನೂ ನೆಲ ನೋಡಿದ, ಮಲ್ಲಪ್ಪನೂ ನೆಲ ನೋಡಿದ. ಎಲ್ಲರೂ ಒಂದು ಉಸಿರು ಸುಮ್ಮನಾದರು.

"ಮತ್ತೆ ಹೆಣ್ಣಾ?" ಅಂತು ಹೊಂಗೆಮರ.

ಹೋ ಎಂದು ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಏನು ಮಾತಾಡಿದರೋ ಅವರಿಗೇ ಗೊತ್ತಿಲ್ಲ.

"ಕೊಟ್ರಾ, ಇವತ್ತಿನಿಂದ ನೀನು ಅಡುಗೆಮನೆಯಲ್ಲಿ ಪಾತ್ರೆ ತೊಳಿ" ಅಂದರು ಅಜ್ಜಯ್ಯ. "ಚೆನ್ನವೀರ ಸುದ್ದಿ ಓದಲಿ."

ಕೊಟ್ರಯ್ಯನ ಕಣ್ಣಲ್ಲಿ ನೀರು ಬಂತು. ಅಡ್ಡಬಿದ್ದು ಹೋದ.

ಮರುದಿನ ಕಿರಿಯ ಶಿಷ್ಯ ಚೆನ್ನವೀರ ಓದಿದ. ಒಳ್ಳೆಯ ಹುಡುಗ, ಅಕ್ಷರಕ್ಕೆ ಅಕ್ಷರ ಓದಿದ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ. ನಿಲ್ಲಿಸಿದ ಕಡೆ ಕೊಟ್ರಯ್ಯನ ದನಿ ಆ ಮಾತು ಆಡಿತು. ಅಡುಗೆಮನೆಯಲ್ಲಿ ಕೊಟ್ರಯ್ಯನ ಕೈಯಿಂದ ಹಂಡೆ ಜಾರಿತು.

ಗೌಡ ಬಂದು ತಲೆ ಕೆರೆದುಕೊಂಡ. ಮಲ್ಲಪ್ಪ ಬಂದು, "ನೋಡಿದ್ರಾ? ಅವನನ್ನ ತೆಗೆದು ಏನು ಬಂತು?" ಅಂದ.

ಕೊಟ್ರಯ್ಯ ಗುರುಗಳ ಕಾಲು ಹಿಡಿದ. "ಅಜ್ಜಯ್ಯಾ, ಒಂದೇ ಒಂದು ಸಲ ಮೈಕು ಕೊಡಿ. ತಪ್ಪಾಯ್ತು ಅಂತ ಹೇಳ್ತೀನಿ."

"ಹೇಳು" ಅಂದರು.

ಎರಡು ಹಾಳೆ ತುಂಬ ಬರೆದ. ಹೊಡೆದು ಹೊಡೆದು ತಿದ್ದಿದ. ಓದುತ್ತ ಅವನು ಅತ್ತ, ಕೇಳಿದವರೂ ಅತ್ತರು. "ಎಂಥಾ ಮಾತಪ್ಪಾ, ಕಲ್ಲೂ ಕರಗಬೇಕು" ಅಂದರು ಜನ. ನಿಜ ಹೇಳಬೇಕೆಂದರೆ ಕೊಟ್ರಯ್ಯನಿಗೂ ಒಳಗೊಳಗೇ, ಚೆನ್ನಾಗಿ ಬಂತು ಅನ್ನಿಸಿತು.

ಕೊನೆಯ ವಾಕ್ಯ ಓದಿ ಉಸಿರೆಳೆದುಕೊಂಡ. ಅಷ್ಟರಲ್ಲಿ ಆ ಮಾತು ಬಂತು. ಈ ಸಲ ಅದರ ಹಿಂದೆಯೇ ಹನ್ನೆರಡು ಹಳ್ಳಿಯ ನಗುವೂ ಬಂತು. ಅವತ್ತಿನದೇ ನಗು. ಜನ ತಮ್ಮ ತಮ್ಮ ದನಿಯನ್ನು ಗುರುತು ಹಿಡಿದರು, ರೇಡಿಯೋ ಆರಿಸಿ ದೂರ ಸರಿದು ನಿಂತರು. ಆರಿಸಿದ ಮೇಲೂ ನಗು ನಿಲ್ಲಲಿಲ್ಲ.

"ತಪ್ಪಾಯ್ತು ಅಂತ ಯಾರಿಗೆ ಹೇಳಿದೆ?" ಕೇಳಿದರು ಅಜ್ಜಯ್ಯ.

"ಹನ್ನೆರಡು ಹಳ್ಳಿಗೂ."

"ಹನ್ನೆರಡು ಹಳ್ಳಿಗೆ ಏನಾಗಿದೆ?"

ಕೊಟ್ರಯ್ಯ ಕೈಯಲ್ಲಿದ್ದ ಹಾಳೆಗಳನ್ನು ಮಡಿಚಿದ.

"ಆ ಕೂಸು ಅವತ್ತಿನಿಂದ ಒಂದು ಸಲವೂ ಅತ್ತಿಲ್ಲ" ಅಂದರು ಅಜ್ಜಯ್ಯ. "ಬತ್ತಿಯಲ್ಲಿ ಹಾಲು ಹನಿಸಿದರೆ ಎರಡು ಹನಿ ನುಂಗುತ್ತಂತೆ. ಮೈಯಲ್ಲಿ ಏನೂ ಕಾಯಿಲೆ ಇಲ್ಲವಂತೆ. ಹೀಗೇ ಆದರೆ ಇನ್ನು ಎರಡು ದಿನ ಅಂತ ನರ್ಸಮ್ಮ ಹೇಳಿ ಹೋದಳಂತೆ. ನಿನಗೆ ಗೊತ್ತಿರಲಿಲ್ಲವೇ?"

ಗೊತ್ತಿರಲಿಲ್ಲ. ಕೇಳಿರಲಿಲ್ಲ. ಅವನು ಓಡುತ್ತ ದೋಣಿ ಕಡವಿಗೆ ಹೋದ.

ದೋಣಿಯವನು ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದ. ಕೊಟ್ರಯ್ಯನೂ ಬಾಯಿಗೆ ಬಂದದ್ದು ಮಾತಾಡಿದ. ದೋಣಿಯ ಹುಟ್ಟು ಎರಡು ಸಲ ನೀರಿಗೆ ಬೀಳುವ ನಡುವಿನ ಮೌನಕ್ಕೂ ಇಬ್ಬರಿಗೆ ಭಯವಿತ್ತು.

ಕಡವಿನಕೊಪ್ಪದ ಓಣಿಯೆಲ್ಲ ಗಲಾಟೆ. ಹಾಲಮ್ಮನ ಮನೆಯ ಹತ್ತಿರ ಬಂದಾಗ ಮಾತ್ರ ಸದ್ದೇ ಇಲ್ಲ. ಕೊಟ್ರಯ್ಯ ಕಿವಿ ಮುಚ್ಚಿಕೊಂಡು ನಿಂತ. ಆ ಮಾತು ಬರಲಿಲ್ಲ. ಕೈ ತೆಗೆದ. ಆಗಲೂ ಬರಲಿಲ್ಲ.

ನಡುಮನೆಯಲ್ಲಿ ತೊಟ್ಟಿಲು. ಪಕ್ಕದಲ್ಲಿ ಹಾಲಮ್ಮ. ಅವಳ ಅತ್ತೆ ದ್ಯಾಮವ್ವ ಮೂಲೆಯಲ್ಲಿ ಮುಖಕ್ಕೆ ಸೆರಗು ಮುಚ್ಚಿ ಕೂತಿದ್ದಳು. ಅವತ್ತು ಆ ಮನೆಯಲ್ಲಿ ನಕ್ಕಿದ್ದು ಅವಳೇ.

ಅವನು ಒಳಗೆ ಕಾಲಿಡಲು ಹೋದ.

"ನೋಡಿಕೊಂಡು ಬಾರಣ್ಣಾ" ಅಂದಳು ಹಾಲಮ್ಮ. "ಹೊಸ್ತಿಲ ಮೇಲೆ ಅವಳು ನಿಂತಿದಾಳೆ."

ಹೊಸ್ತಿಲ ಮೇಲೆ ಯಾರೂ ಇರಲಿಲ್ಲ. ಕೊಟ್ರಯ್ಯ ಎತ್ತಿದ ಕಾಲನ್ನು ಹಿಂದಿಟ್ಟ.

"ಯಾರು ತಾಯೀ?"

"ನನ್ನ ಮಗಳು. ತೊಟ್ಟಿಲಲ್ಲಿ ಮೈ ಐತೆ, ಅಷ್ಟೇ. ಹುಟ್ಟಿದಾಗ ಅತ್ತಳು. ಏಳು ಗಂಟೆಗೆ ನಿಲ್ಲಿಸಿದಳು. ಬಾ ಅಂತ ಒಬ್ಬರೂ ಕರೀಲಿಲ್ಲ. ವಾಪಸ್ ಹೋಗು ಅಂದೆ ನೀನು. ಒಳಗೆ ಬರೋಕೂ ಆಗದೆ ಹೋಗೋಕೂ ಆಗದೆ ಅಲ್ಲೇ ನಿಂತುಬಿಟ್ಟಳು."

"ನೀವು ಕರೆಯಲಿಲ್ಲವೇ?"

"ಕರೆದು ಕರೆದು ನನ್ನ ದನಿ ಬಿದ್ದುಹೋಯ್ತು. ನಾನು ಕರೆದರೆ ನನಗೊಬ್ಬಳಿಗೆ ಬೇಕು ಅಂತ ಆಯ್ತು. ಊರಿಗೆ ಬೇಡ ಅಂತ ಅವಳಿಗೆ ಗೊತ್ತಾಗಿಬಿಟ್ಟೈತೆ."

ಕೊಟ್ರಯ್ಯ ಕೈ ಮುಗಿದ. ತಪ್ಪಾಯ್ತು ಅನ್ನಲು ಬಾಯಿ ತೆರೆದ. ನಾಲಿಗೆಯ ತುದಿಗೆ "ಮತ್ತೆ" ಅನ್ನುವುದು ಬಂದು ನಿಂತಿತ್ತು. ಹಲ್ಲು ಕಚ್ಚಿ ಬಾಯಿ ಮುಚ್ಚಿದ.

ಹಾಲಮ್ಮ ಅವನನ್ನೇ ನೋಡುತ್ತಿದ್ದಳು. "ನಿನ್ನ ಕೆಲಸ ಹೋಯ್ತಂತಲ್ಲ?"

ಅವನು ತಲೆಯಾಡಿಸಿದ.

"ಅದು ಹೋಗಿದ್ದಕ್ಕೆ ಇವಳು ಅಳಲಿಲ್ಲ. ವಾಪಸ್ ಕೊಡ್ತಾರಾ?"

ಅವನು ತೊಟ್ಟಿಲಿನ ಕಡೆ ನೋಡಿದ.

"ಕೊಟ್ಟರೂ ಅಳಲ್ಲ." ಅವಳು ಬತ್ತಿಯನ್ನು ಹಾಲಿನಲ್ಲಿ ಅದ್ದಿದಳು. "ಇವಳ ಸುದ್ದಿ ನೀನು ಇನ್ನೂ ಓದಿ ಮುಗಿಸಿಲ್ಲ ಕಣಣ್ಣಾ."

ಅವನು ಅಲ್ಲಿಂದ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಬಂದವನು ಗುರುಗಳ ಮುಂದೆ ಕುಸಿದು ಕೂತ, ಇದ್ದದ್ದನ್ನೆಲ್ಲ ಹೇಳಿದ.

"ನನ್ನನ್ನು ಆಶ್ರಮದಿಂದಲೇ ಓಡಿಸಿ ಅಜ್ಜಯ್ಯಾ. ನಾಲಿಗೆ ಬೇಕಾದರೂ ಕೊಯ್ದುಬಿಡಿ."

"ನಿನಗೆ ಶಿಕ್ಷೆ ಬೇಕೇನಪ್ಪಾ?"

"ಹೌದು."

"ಆ ತಾಯಿ ಅದನ್ನು ಕೇಳಿದಳೇ?"

"ಇಲ್ಲ. ಸುದ್ದಿ ಓದಿ ಮುಗಿಸು ಅಂದಳು."

"ಹಾಗಾದರೆ ಬೆಳಿಗ್ಗೆ ಓದು."

"ಬಾಯಿ ತೆರೆದರೆ ಅದೇ ಬರುತ್ತೆ ಅಜ್ಜಯ್ಯಾ!"

"ಓದುವುದಕ್ಕೆ ಬಾಯಿ ಬೇಕು" ಅಂದರು ಅಜ್ಜಯ್ಯ. "ಆಮೇಲಿನ ಕೆಲಸಕ್ಕೆ ಬೇಕಿಲ್ಲ."

ಬೆಳಿಗ್ಗೆ ಏಳು ಗಂಟೆ. ನಿಲಯದ ಕಿಟಕಿ ತೆರೆದಿತ್ತು, ಆಚೆ ಹೊಳೆ, ಅದರಾಚೆ ಕಡವಿನಕೊಪ್ಪದ ಮನೆಗಳ ಮಾಡುಗಳು. ಕೊಟ್ರಯ್ಯ ಮತ್ತೆ ಆ ಕುರ್ಚಿಯಲ್ಲಿ ಕೂತಿದ್ದಾನೆ ಎಂದು ಗೊತ್ತಾಗಿ ರುದ್ರಗೌಡ ಬಾಗಿಲಲ್ಲಿ ಬುಸುಗುಡುತ್ತ ನಿಂತಿದ್ದ. ಅಜ್ಜಯ್ಯ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿದ್ದರು.

ಕೊಟ್ರಯ್ಯ ಮೈಕು ಹಚ್ಚಿದ.

"ಕಡವಿನಕೊಪ್ಪದ ಹಾಲಮ್ಮನಿಗೆ ಹೆಣ್ಣು ಕೂಸು ಹುಟ್ಟಿದೆ."

ನಿಲ್ಲಿಸಿದ.

ಅದು ಬಂತು. ಈ ಸಲ ಕಿವಿಗೆ ಬರಲಿಲ್ಲ, ಗಂಟಲಿಗೇ ಬಂತು. ಹೊಟ್ಟೆಯ ಬುಡದಿಂದ ಎದ್ದು ನಾಲಿಗೆಯನ್ನು ಎತ್ತಿತು, ತುಟಿಯನ್ನು ಒಳಗಿಂದ ತಳ್ಳಿತು. ಹೆಡ್‌ಫೋನಿನಲ್ಲಿ ಹನ್ನೆರಡು ಹಳ್ಳಿಯ ನಗು ಆಗಲೇ ತಯಾರಾಗಿ ಕಾಯುತ್ತಿತ್ತು. ಹೇಳಿಬಿಡೋ ಅನ್ನುತ್ತಿತ್ತು ಆ ನಗು, ಹೇಳಿಬಿಡು, ನಿನಗೆ ನಾವಿದ್ದೇವೆ. ಕೊಟ್ರಯ್ಯ ಎರಡೂ ಕೈಯಿಂದ ಬಾಯಿ ಒತ್ತಿಹಿಡಿದ. ತುಟಿ ಹಲ್ಲಿಗೆ ಸಿಕ್ಕಿ ರಕ್ತ ಬಂತು. ನುಂಗಿದ. ಮತ್ತೆ ಎದ್ದು ಬಂತು. ಮತ್ತೆ ನುಂಗಿದ.

ಒಂದು ಉಸಿರು ಅಷ್ಟು ಉದ್ದವಿರುತ್ತದೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಗು ನಿಂತಿತು. ಅಷ್ಟು ದಿನದ ಮೇಲೆ ಮೊದಲ ಸಲ ಎಲ್ಲೂ ಏನೂ ಕೇಳಲಿಲ್ಲ. ಹೊಳೆಯೂ ಹರಿಯುವುದನ್ನು ಮರೆತ ಹಾಗಿತ್ತು.

ಎದುರು ದಡದಿಂದ ಒಬ್ಬ ಮುದುಕಿಯ ದನಿ ನೀರಿನ ಮೇಲೆ ತೇಲಿ ಬಂತು. "ಬಾ ತಾಯೀ."

ದ್ಯಾಮವ್ವನ ದನಿ. ಅದರ ಹಿಂದೆ ಇನ್ನೊಂದು, ಮತ್ತೊಂದು. ಬಾಗಿಲಲ್ಲಿ ನಿಂತಿದ್ದ ರುದ್ರಗೌಡ ರುಮಾಲು ತೆಗೆದು ಎದೆಗೆ ಅವಚಿಕೊಂಡು, "ಬಾ ತಾಯೀ, ಒಳಗೆ ಬಾರವ್ವಾ" ಅಂದ. ಅವನ ಗಡಸು ಮುಖದ ಮೇಲೆ ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು.

ಆಮೇಲೆ ಕೂಸು ಅತ್ತಿತು. ಅಬ್ಬಾ, ಎಂಥಾ ಅಳು! ಹೊಳೆ ದಾಟಿ, ಕಿಟಕಿ ತೂರಿ ಬಂದು ಮೈಕಿಗೆ ಬಿತ್ತು. ಹನ್ನೆರಡು ಹಳ್ಳಿಯೂ ಕೇಳಿತು.

ಕೊಟ್ರಯ್ಯ ಮೈಕು ಆರಿಸಿದ. ಬಾಯಿಂದ ಕೈ ತೆಗೆಯಲು ಅವನಿಗೆ ಧೈರ್ಯ ಬರಲಿಲ್ಲ. ತುಂಬ ಹೊತ್ತಾದ ಮೇಲೆ ತೆಗೆದ.

"ಅಜ್ಜಯ್ಯಾ, ನಾಳೆಯಿಂದ ನಾನು ಈ ಕುರ್ಚಿಯಲ್ಲಿ ಕೂರಲೋ, ಬೇಡವೋ?"

ರುದ್ರಗೌಡ ಕಣ್ಣೊರೆಸಿಕೊಂಡು ತಿರುಗಿದ. ಅವನಿಗೂ ಆ ಉತ್ತರ ಬೇಕಿತ್ತು.

ಅಜ್ಜಯ್ಯ ಕೋಲು ಊರಿ ಎದ್ದರು.

"ಆ ಕೂಸಿಗೆ ಮಾತು ಬರಲಿ. ಅವಳನ್ನೇ ಕೇಳು."