ಮಗು ಯಾರಿಗೆ ಅಂಜಿತು

ನೇಕಾರ ಈರಸಂಗಪ್ಪನ ಹಿರಿಮಗ ಅಂಗಳದ ನೀರಿನ ತೊಟ್ಟಿಯಲ್ಲಿ ಮುಳುಗಿ ತೀರಿಕೊಂಡಿದ್ದ. ಈಗ ಒಂದೂವರೆ ವರ್ಷದ ಮಗಳು ಪಾರವ್ವ ತೊಟ್ಟಿಯತ್ತ ಹೋದರೆ ಸಾಕು, ಈರಸಂಗಪ್ಪ ಬೆತ್ತ ಎತ್ತುತ್ತಿದ್ದ.

"ಕೂಸಿಗೆ ಹೊಡೀಬ್ಯಾಡ್ರಿ," ಎಂದು ಹೆಂಡತಿ ಶಾಂತವ್ವ ಬೇಡುತ್ತಿದ್ದಳು.

"ಹೊಡೆದರನ ಅಂಜಿಕಿ ಹುಟ್ಟೋದು. ಈ ಮನ್ಯಾಗ ನನ್ನ ಮಾತ ನಡೀಬೇಕು!"

ಒಂದು ದಿನ ಅವಳು ವಾದ ಬಿಟ್ಟಳು. "ಆತು. ಅಂಜಿಕಿ ಹುಟ್ಟೇತೇನು ನೋಡೂಣು. ಬಾಗಲದಾಗ ನಿಂತು ಕರೀರಿ." ಮಗುವನ್ನು ಅಂಗಳದಲ್ಲಿ, ಬಾಗಿಲಿಗೂ ತೊಟ್ಟಿಗೂ ನಡುವೆ ಇಳಿಸಿ ಪಕ್ಕದಲ್ಲೇ ನಿಂತಳು.

"ಬಾರವ್ವ," ಎಂದು ಅವನು ಕೈಚಾಚಿದ. ಮಗು ಅಪ್ಪನ ಮುಖ ನೋಡಿ ಚೀರಿತು. ತಿರುಗಿ ತೊಟ್ಟಿಯ ಕಡೆಗೇ ಓಡಿತು. ಶಾಂತವ್ವ ಓಡಿಹೋಗಿ ಎತ್ತಿಕೊಂಡಳು.

ಈರಸಂಗಪ್ಪ ಬೆತ್ತ ಮುರಿದ. ಹಲಗೆ ತಂದು ತೊಟ್ಟಿ ಮುಚ್ಚಹೋದವನು ಅಲ್ಲೇ ಕುಸಿದು ಕೂತ. "ಇದನ್ನ ಆವಾಗನ ಮಾಡಿದ್ರ..." ಎಂದು ಬಿಕ್ಕಿದ.

ಗೆದ್ದೆನೆಂದು ಶಾಂತವ್ವನಿಗೆ ಅನ್ನಿಸಲಿಲ್ಲ. ಮಗುವನ್ನು ಸೊಂಟಕ್ಕೇರಿಸಿ, ಹಲಗೆಯ ಇನ್ನೊಂದು ತುದಿ ಹಿಡಿದಳು.